ನಾ ಆ ಕಾಗದಕ್ಕ ಸಹಿ ಹಾಕಂಗಿಲ್ಲ

ಹೋದ ಶುಕ್ರವಾರ ಲಲಿತಾ ಸಹಸ್ರನಾಮ ಮುಗದು, ಎಲ್ಲಾರೂ ಕೋಸಂಬರಿ ಪ್ಲೇಟು ಹಿಡಕೊಂಡು ಕೂತಾಗ ಒಂದು ಕಾಗದ ಕೈಯಿಂದ ಕೈಗೆ ಬಂತು. ನಮ್ಮ ಕಾಲನಿ ಸಂಘದವ್ರು ಬರದದ್ದು. ಇಲ್ಲಿಂದ ಒಂದೂವರಿ ಮೈಲು ದೂರ ಇರೋ ಕಾರ್ ರೇಸಿನ ಟ್ರ್ಯಾಕ್ ಬಂದ್ ಮಾಡಸ್ರಿ ಅಂತ ಕೌಂಟಿಗೆ ಅರ್ಜಿ. ನನಗಿಂತ ಮೊದಲ ಹದಿನಾಲ್ಕು ಮಂದಿ ಸಹಿ ಮಾಡಿದ್ರು. ನಾ ಪೆನ್ನು ಕೆಳಗಿಟ್ಟು "ನಂದು ಬ್ಯಾಡ" ಅಂದೆ. ಅವತ್ತಿಂದ ನಾ ಗುಂಪಿನ್ಯಾಗ ಗಣಪತಿ ಫೋಟೋ ಹಾಕಿದ್ರೂ ಒಬ್ಬರೂ ಕೈ ಮುಗಿಯೂದಿಲ್ಲ.

ವೈನಿ, ನೀವು ಎಲ್ಲಾರ ಮುಂದ ಕೇಳಿದ್ರಿ, "ನಿನಗ ಆ ಗದ್ದಲದ ಮ್ಯಾಲೆ ಏನು ಅಷ್ಟು ಪ್ರೀತಿ?" ಅಂತ. ಅವತ್ತ ಬಾಯಿಗೆ ಉತ್ತರ ಬರಲಿಲ್ಲ. ಇವತ್ತ ಬರೀತೀನಿ. ಧಾರವಾಡದಾಗ ಕೂತು ಓದೋ ಅಬಚಿ, ಕಾಕು, ನಿಮಗೂ ತಿಳೀಲಿ, ನಾ ಇಲ್ಲೆ ಯಾಕ ಎಲ್ಲಾರ ಜೋಡಿ ಕೆಟ್ಟಾಕಿ ಆಗೇನಿ ಅಂತ.

ಮೊದಲ ಇದೇನು ಅಂತ ಹೇಳ್ತೀನಿ. ಸ್ಟಾಕ್ ಕಾರ್ ಅಂದ್ರ ಸುರುವಾತಿಗೆ ಅಂಗಡಿಯಿಂದ ತಂದ ಸಾದಾ ಕಾರು ಅಂತನ ಅರ್ಥ. ಶಾರ್ಟ್ ಟ್ರ್ಯಾಕ್ ಅಂದ್ರ ಒಂದು ಮೈಲಿಗಿಂತ ಸಣ್ಣ ಸುತ್ತು. ನಮ್ಮ ನಾರ್ತ್ ಕ್ಯಾರೊಲಿನಾದಾಗ ಇದು ಜಾತ್ರಿ ಇದ್ದಂಗ. ವಿನ್‌ಸ್ಟನ್-ಸೇಲಮ್ ಊರಾಗಿನ ಬೋಮನ್ ಗ್ರೇ ಸ್ಟೇಡಿಯಮ್ ನೋಡ್ರಿ. ನಡುವ ಫುಟ್‌ಬಾಲ್ ಮೈದಾನ, ಅದರ ಸುತ್ತ ಕಾಲು ಮೈಲಿನ ಟಾರ್ ದಾರಿ, ಅಂದ್ರ ಬರೇ 400 ಮೀಟರ್. ಅಲ್ಲೆ 1949ರಿಂದ ನ್ಯಾಸ್ಕಾರ್ ರೇಸು ನಡಕೋತ ಬಂದಾವ. ರಿಚರ್ಡ್ ಪೆಟ್ಟಿ ಅನ್ನೋ ದೊಡ್ಡ ಚಾಲಕ ತನ್ನ ನೂರನೇ ಗೆಲುವು ಗೆದ್ದದ್ದು ಅಲ್ಲೇ, 1969ರಾಗ. ಇವತ್ತಿಗೂ ಬ್ಯಾಸಗಿ ಶನಿವಾರ ಸಂಜಿಗೆ ವಾರ ಪೂರ್ತಿ ಗ್ಯಾರೇಜಿನ್ಯಾಗ ದುಡಿಯೋ ಮಂದಿ ತಾವ ಬೆಸುಗಿ ಹಾಕಿ ಕಟ್ಟಿದ ಕಾರು ತಂದು ಓಡಸ್ತಾರ.

ನಮ್ಮೂರಿಂದು ಅಷ್ಟು ಹೆಸರುವಾಸಿ ಟ್ರ್ಯಾಕ್ ಏನಲ್ಲ. ಮೊದಲ ಕೆಂಪು ಮಣ್ಣಿಂದಿತ್ತು, ಆಮ್ಯಾಲೆ ಟಾರ್ ಹಾಕ್ಯಾರ. ಏಪ್ರಿಲ್‌ನಿಂದ ಸೆಪ್ಟೆಂಬರ್ ತನಕ ಶನಿವಾರ ಸಂಜಿ ನಾಲ್ಕು ತಾಸು. ಅಷ್ಟ.

ಈಗ ನನ್ನ ಮೊದಲನೇ ಮಾತು. ಆ ಟ್ರ್ಯಾಕ್ ಅಲ್ಲೆ ಅರವತ್ತು ವರ್ಷದ ಮ್ಯಾಲಿಂದ ಅದ. ನಮ್ಮ ಮನಿಗಳು ಕಟ್ಟಿ ಎಂಟು ವರ್ಷ ಆತು. ಮನಿ ಕೊಳ್ಳೂ ಮುಂದ ನಾವು ಸಹಿ ಮಾಡಿದ ಕಾಗದದಾಗ "ಹಂತ್ಯಾಕ ರೇಸ್ ಟ್ರ್ಯಾಕ್ ಅದ, ಸದ್ದು ಇರತದ" ಅಂತ ಸ್ವಚ್ಛ ಬರದಿತ್ತು. ನಮ್ಮ ಮನಿಯವ್ರು ಅದನ್ನ ತೋರಿಸಿನ ಚೌಕಾಶಿ ಮಾಡಿ ರೊಕ್ಕ ಕಡಿಮಿ ಮಾಡಿಸಿದ್ರು. ಅವತ್ತ ಮನಿಗೆ ಬಂದು ಎಷ್ಟು ಖುಷಿಯಿಂದ ಹೇಳಿದ್ರು! ನಿಮ್ಮ ಮನಿಯವ್ರೂ ಹಂಗ ಮಾಡ್ಯಾರ, ನನಗ ಗೊತ್ತದ, ವಾಸ್ತು ಶಾಂತಿ ದಿವಸ ಅವರ ಹೇಳ್ಯಾರ. ಸದ್ದಿನ ಹೆಸರಿಲೆ ರೊಕ್ಕ ಉಳಿಸಿಕೊಂಡ್ವಿ. ಈಗ ಸದ್ದ ಬ್ಯಾಡ ಅಂದ್ರ, ಆ ಉಳಿಸಿದ ರೊಕ್ಕ ಯಾರಿಗೆ ತಿರುಗಿ ಕೊಡೂವ್ರು?

ಎರಡನೇ ಮಾತು ಹೇಳ್ಲಿಕ್ಕೆ ಸ್ವಲ್ಪ ಕಷ್ಟ. "ಅಲ್ಲೆ ಹೋಗೂವ್ರು ನಮ್ಮಂಥಾ ಮಂದಿ ಅಲ್ಲ" ಅಂತ ಅವತ್ತ ಮೂರು ಮಂದಿ ಅಂದ್ರು. ಕಾಗದದಾಗ ಸದ್ದು ಅಂತ ಬರದದ, ಖರೇ ಮಾತು ಇದು. ನನಗೂ ಹಂಗ ಅನ್ನಿಸಿತ್ತು, ಸುಳ್ಳು ಯಾಕ ಹೇಳ್ಲಿ. ಮೊದಲನೇ ಸಲ ಹೋದಾಗ ಪಾರ್ಕಿಂಗಿನ್ಯಾಗ ಒಂದು ಟ್ರಕ್ಕಿನ ಮ್ಯಾಲೆ ಹಳೇ ಕಾನ್ಫೆಡರೇಟ್ ಬಾವುಟ ನೋಡಿ ಹೊಟ್ಟಿಯೊಳಗ ಧಸಕ್ ಅಂತು. ಗುಲಾಮರನ್ನ ಇಟಗೊಂಡವ್ರ ಕಡೆ ಬಾವುಟ ಅದು. ನ್ಯಾಸ್ಕಾರ್‌ನವ್ರು 2020ರಾಗ ತಮ್ಮ ರೇಸಿಗೆ ಅದನ್ನ ತರೂ ಹಂಗಿಲ್ಲ ಅಂತ ಮಾಡಿದ್ರು, ಭಾಳ ತಡಾ ಮಾಡಿದ್ರು ಅಂತನ ನಾ ಅಂತೀನಿ. ತಿರುಗಿ ಮನಿಗೆ ಹೋಗೋಣು ಅಂತಿದ್ದೆ. ಮಗಳು ಕೈ ಬಿಡಲಿಲ್ಲ, ಆಕಿ ಸಾಲಿ ಗೆಳತಿ ಅವತ್ತ ಸಣ್ಣ ಮಕ್ಕಳ ಕಾರು ಓಡಸಾಕಿ ಇದ್ಲು.

ಒಳಗ ಹೋದ್ರ ಟಿಕೀಟು ಹರಿಯೂವ್ರು ನಮ್ಮ ಮಕ್ಕಳ ಸ್ಕೂಲ್ ಬಸ್ಸಿನ ಡ್ರೈವರಮ್ಮ. ನನ್ನ ಬಾಳಂತನದಾಗ ರಾತ್ರಿ ಪೂರ್ತಿ ಹಂತ್ಯಾಕ ಕೂತಿದ್ದ ನರ್ಸಮ್ಮ ಅಲ್ಲೆ ಗಂಡನ ಕಾರಿನ ಟೈರಿನ ಗಾಳಿ ನೋಡ್ಲಿಕತ್ತಿದ್ಲು. ಮ್ಯಾಲಿನ ಗೂಡಿನ್ಯಾಗ ಒಬ್ಬ ಮುದುಕಿ ಕೂತು ಯಾವ ಕಾರು ಎಷ್ಟು ಸುತ್ತು ಹೊಡೀತು ಅಂತ ಲೆಕ್ಕ ಬರೀತಿದ್ಲು. ನನ್ನ ನೋಡಿ, ನಾ ಕೇಳೂದ್ರಾಗ ಮಗಳ ಕಿವಿಗೆ ಮುಚ್ಚಳ ತಂದು ಕೊಟ್ಟು, "ಇದಿಲ್ಲದ ಕೂಡಸಬ್ಯಾಡ" ಅಂತ ಬೈದ್ಲು. ನಮ್ಮ ಅಜ್ಜಿ ಬೈದಂಗ ಬೈದ್ಲು. ಆ ಬಾವುಟದವಾ ಒಬ್ಬ ಇದ್ದ ಅಂತ ಇವರೆಲ್ಲಾರ ಶನಿವಾರ ಕಸಗೊಳ್ಳೂದು ಯಾವ ನ್ಯಾಯ?

ಹೆಣ್ಣುಮಕ್ಕಳಿಗೆ ಇದರಾಗ ಏನದ ಅಂತ ಕೇಳ್ತೀರಿ. ಕೇಳ್ರಿ ಹಂಗಾರ. 1949ರ ಜೂನ್ 19ಕ್ಕ ಶಾರ್ಲಟ್‌ನ್ಯಾಗ ಮುಕ್ಕಾಲು ಮೈಲಿನ ಮಣ್ಣಿನ ಸುತ್ತಿನ ಮ್ಯಾಲೆ ನ್ಯಾಸ್ಕಾರ್‌ನ ಮೊಟ್ಟಮೊದಲ ಸಾದಾ ಕಾರಿನ ರೇಸ್ ಆತು. ಅದರಾಗ ಸಾರಾ ಕ್ರಿಶ್ಚಿಯನ್ ಅನ್ನೋ ಹೆಣ್ಣುಮಗಳು ಓಡಿಸಿದ್ಲು. ಅದ ವರ್ಷ ಪೆನ್ಸಿಲ್ವೇನಿಯಾದ ಹೈಡಲ್‌ಬರ್ಗ್ ಟ್ರ್ಯಾಕಿನ್ಯಾಗ ಗಂಡಸರ ನಡುವ ಐದನೇದಾಕಿ ಆಗಿ ಬಂದ್ಲು. ಅದೇ ಶಾರ್ಲಟ್ ರೇಸಿನ್ಯಾಗ ರಿಚರ್ಡ್ ಪೆಟ್ಟಿಯವರಪ್ಪ ಲೀ ಪೆಟ್ಟಿ, ಇನ್ನೊಬ್ಬರ ಬ್ಯೂಕ್ ಕಾರು ಕಡಾ ತಂದು ಪಲ್ಟಿ ಹೊಡಿಸಿದ! ಆಮ್ಯಾಲೆ ಏನಾತು? ಹೆಂಗಸರು ಪಿಟ್ಟಿನೊಳಗ ಬಂದ್ರ ಅಪಶಕುನ ಅಂತ ವರ್ಷಾನುಗಟ್ಟಲೆ ಒಳಗ ಬಿಡಲಿಲ್ಲ. ಶೇಂಗಾ ಸಿಪ್ಪಿ ಅಪಶಕುನ, ಹಸರು ಬಣ್ಣದ ಕಾರು ಅಪಶಕುನ, ಹೆಂಗಸೂ ಅಪಶಕುನ. ನಮಗ ಇದೇನು ಹೊಸಾದಲ್ಲ, ಹೌದಲ್ಲೋ? 1977ರಾಗ ಜಾನೆಟ್ ಗತ್ರಿ ಬ್ರಿಸ್ಟಲ್‌ನ ಅರ್ಧ ಮೈಲಿನ ಟ್ರ್ಯಾಕಿನ್ಯಾಗ ಆರನೇದಾಕಿ ಆಗಿ ಬಂದು ತೋರಿಸಿದ್ಲು. ಇವತ್ತ ನಮ್ಮ ಟ್ರ್ಯಾಕಿನ್ಯಾಗ ಹನ್ನೆರಡು ವರ್ಷದ ಹುಡುಗಿ ಸ್ಪ್ಯಾನರ್ ಹಿಡಕೊಂಡು ತನ್ನ ಕಾರಿನ ಕೆಳಗ ಮಲಗಿರ್ತಾಳ. ನಾವು ಭರತನಾಟ್ಯ, ಗಣಿತದ ಕ್ಲಾಸು ಅಂತ ಕರಕೊಂಡು ಹೋಗ್ತೀವಿ, ಹೋಗ್ಲಿ. ಆದ್ರ ಆ ಹುಡುಗಿ ಜಾಗಾ ಕಸದು ನಮ್ಮ ಮಕ್ಕಳಿಗೆ ಏನು ಸಿಗತದ?

ಬಂದ್ ಆದ್ರ ಅಲ್ಲೆ ಉದ್ಯಾನ ಆಗತದ ಅಂತ ತಿಳಕೊಂಡೀರೇನು? ಕ್ಯಾಲಿಫೋರ್ನಿಯಾದ ಇರ್ವಿಂಡೇಲ್ ಟ್ರ್ಯಾಕ್ 2024ರ ಡಿಸೆಂಬರಿನ್ಯಾಗ ಕಡೀ ರೇಸ್ ಮಾಡಿ ಬಾಗಲಾ ಹಾಕ್ತು, ಜಾಗಾ ಕಾರಖಾನಿ-ಗೋದಾಮಿನವ್ರಿಗೆ ಹೋತು. ಸೌತ್ ಕ್ಯಾರೊಲಿನಾದ ಮರ್ಟಲ್ ಬೀಚ್ ಟ್ರ್ಯಾಕ್ 2020ರಾಗ ಹಂಗ ಮಾರಾಟ ಆತು. ನಮ್ಮ ಕಡೆ ಗೋದಾಮು ಬಂತಂದ್ರ ದಿನಾ ಇಪ್ಪತ್ನಾಲ್ಕು ತಾಸು ಲಾರಿ. ಆವಾಗ ಶನಿವಾರದ ನಾಲ್ಕು ತಾಸು ನೆನಸ್ಕೋತೀರಿ. ಬಂದ್ ಮಾಡೂದು ಸರಳ, ತಗಿಯೂದು ಹಂಗಲ್ಲ. ನಾರ್ತ್ ವಿಲ್ಕ್ಸ್‌ಬರೋ ಟ್ರ್ಯಾಕ್ 1947ರಾಗ ಸುರು ಆದದ್ದು. 1996ರಾಗ ದೊಡ್ಡ ರೇಸು ಅಲ್ಲಿಂದ ಕಿತಗೊಂಡು ಬ್ಯಾರೆ ರಾಜ್ಯಕ್ಕ ಒಯ್ದ್ರು. ಕಸಾ ಬೆಳೀತು, ತಗಡು ಹಾರಿ ಹೋತು. ಮತ್ತ ದೊಡ್ಡ ಚಾಲಕರು ಅಲ್ಲಿಗೆ ಬಂದದ್ದು 2023ಕ್ಕ, ಅದೂ ಸರಕಾರ 180 ಲಕ್ಷ ಡಾಲರ್ ಕೊಟ್ಟ ಮ್ಯಾಲೆ. ನಮ್ಮೂರಿನ ಸಣ್ಣ ಟ್ರ್ಯಾಕಿಗೆ ಯಾರು ಕೊಡ್ತಾರ?

ಇದನ್ನ ಬರೀಬೇಕಾದ್ರ ನಮ್ಮ ಓಣ್ಯಾಗಿನ ಹಿಟ್ಟಿನ ಗಿರಣಿ ಭಾಳ ನೆನಪಾತು. ಕಾಕು, ನಿಮಗ ನೆನಪದ ಅಲಾ? ಮುಂಜಾನೆ ಆರಕ್ಕ ಧಡಧಡ ಸುರು. ಬಾಜೂಕ ಹೊಸಾ ಬಂಗಲೆ ಕಟ್ಟಿದ ಸಾಹೇಬ್ರು ನಿದ್ದಿ ಕೆಡ್ತದ ಅಂತ ಅರ್ಜಿ ಬರದ್ರು, ಓಣಿ ದೊಡ್ಡ ಮಂದಿ ಎಲ್ಲಾ ಸಹಿ ಮಾಡಿದ್ರು. ಗಿರಣಿ ಹೋತು. ಸಾಹೇಬ್ರಿಗೆ ಎರಡು ವರ್ಷಕ್ಕ ಬ್ಯಾರೆ ಊರಿಗೆ ವರ್ಗ ಆತು. ಅವ್ವ ಮಾತ್ರ ಜ್ವಾಳದ ಡಬ್ಬಿ ಸೊಂಟದ ಮ್ಯಾಲೆ ಇಟಗೊಂಡು ಎರಡು ಕಿಲೋಮೀಟರ್ ನಡಕೋತ ಹೋಗೂದು ತಪ್ಪಲಿಲ್ಲ. ಆ ಕಾಗದದ ಮ್ಯಾಲೆ ಅಪ್ಪನ ಸಹಿನೂ ಇತ್ತು. ಅವ್ವನ್ನ ಯಾರೂ ಕೇಳಿರಲಿಲ್ಲ.

ಹಂಗಂತ ಟ್ರ್ಯಾಕಿನವ್ರು ಮಾಡೂದೆಲ್ಲಾ ಸರಿ ಅಂತ ನಾ ಅನ್ನಂಗಿಲ್ಲ. ಅಮೆರಿಕಾದಾಗ ರಸ್ತೆ ಮ್ಯಾಲೆ ಓಡೋ ಕಾರಿಗೆ ಸೀಸ ಕೂಡಿಸಿದ ಪೆಟ್ರೋಲ್ 1996ರಿಂದ ಪೂರ್ತಿ ಬಂದ್. ರೇಸಿನ ಕಾರಿಗೆ ಮಾತ್ರ ಇನ್ನೂ ರಿಯಾಯಿತಿ ಅದ. ನ್ಯಾಸ್ಕಾರ್‌ನ ದೊಡ್ಡ ರೇಸಿನವ್ರು 2007ರಾಗನ ಅದನ್ನ ಬಿಟ್ರು, ಆದ್ರ ಸಣ್ಣ ಟ್ರ್ಯಾಕಿನ್ಯಾಗ ಇನ್ನೂ ಸುಡೂವ್ರು ಇದ್ದಾರ. ಸೀಸ ಮಕ್ಕಳ ಮಿದುಳಿಗೆ ವಿಷ, ಇಷ್ಟಿದ್ರ ನಡೀತದ ಅನ್ನೋ ಲೆಕ್ಕನ ಇಲ್ಲ ಅದಕ್ಕ. ಇದರ ಬಗ್ಗೆ ಸಂಘದ ಕಾಗದದಾಗ ಒಂದು ಅಕ್ಷರನೂ ಇಲ್ಲ. ಮನಿ ಬೆಲಿ ಬಗ್ಗೆ ಮಾತ್ರ ಎರಡು ಪ್ಯಾರಾ ಅದ.

ಅದಕ್ಕ ನಾ ಬ್ಯಾರೆ ಕಾಗದ ಬರದೀನಿ. ಮೂರ ಮಾತು. ಸೀಸದ ಪೆಟ್ರೋಲ್ ಬ್ಯಾಡ. ಎಲ್ಲಾ ಕಾರಿಗೂ ಮಫ್ಲರ್ ಕಡ್ಡಾಯ. ರಾತ್ರಿ ಹತ್ತೂವರಿಗೆ ಕಡೀ ರೇಸ್ ಮುಗೀಬೇಕು. ಟ್ರ್ಯಾಕಿನ ಮುದುಕಿಗೆ ಓದಿ ತೋರಿಸಿದೆ. ಎರಡಕ್ಕ ಹೂಂ ಅಂದ್ಲು, ಪೆಟ್ರೋಲಿಗೆ ಮಾತ್ರ "ಹುಡುಗೂರು ಜಗಳಾ ತಗೀತಾರ" ಅಂದ್ಲು. ತಗೀಲಿ, ನಾನೂ ತಗೀತೀನಿ.

ವೈನಿ, ಈ ಕಾಗದಕ್ಕ ನಿಮ್ಮ ಸಹಿ ಬೇಕು. ಹಾಕೂ ಮೊದಲ ಒಮ್ಮೆ ಬಂದು ನೋಡ್ರಿ. ಈ ಶನಿವಾರ ಆರು ಗಂಟೆಕ್ಕ ನಾನು, ಮಗಳು ಹೋಗೋರಿದ್ದೀವಿ. ಕಿವಿ ಮುಚ್ಚಳ ನಾಲ್ಕು ಜೋಡಿ ಅವ. ಚುರಮುರಿ, ಮಿರ್ಚಿ ನಾ ಕಟಗೋತೀನಿ, ನೀವು ಚಹಾದ ಥರ್ಮಾಸ್ ತರ್ರಿ.