ಸಹಕಾರಿ ಸಂಘಗಳೂ ತಿಂಗಳ ಲೆಕ್ಕವೂ

ನಮ್ಮ ಅಡಿಕೆ ಬೆಳೆಗಾರರಿಗೆ ಲೆಕ್ಕಾಚಾರ ತಿಳಿಯದೆಂದು ಯಾರೂ ಹೇಳುವಂತಿಲ್ಲ. ಹೊಸ ಅಡಿಕೆಗೆಷ್ಟು, ಹಳೆ ಅಡಿಕೆಗೆಷ್ಟು, ಪಟೋರಕ್ಕೆಷ್ಟು ಎಂದು ಧಾರಣೆ ನೋಡದೆ ಒಂದು ಗೋಣಿಯನ್ನೂ ಅವರು ಮನೆಯಿಂದ ಹೊರಡಿಸುವುದಿಲ್ಲ. ಧಾರಣೆ ಕುಸಿದು ಕಂಗೆಟ್ಟ ಕಾಲದಲ್ಲಿಯೇ, 1973ರಲ್ಲಿ, ಕರ್ನಾಟಕ ಮತ್ತು ಕೇರಳದ ಬೆಳೆಗಾರರು ಒಟ್ಟಾಗಿ ಕ್ಯಾಂಪ್ಕೊ ಕಟ್ಟಿದರು. ಆದರೆ ಇದೇ ಬೆಳೆಗಾರರು ತಮ್ಮೂರಿನ ಸೇವಾ ಸಹಕಾರಿ ಸಂಘದಲ್ಲಿ ನಿರ್ದೇಶಕರಾಗಿ ಕುಳಿತಾಗ, ಅಂಕಿಗಳ ಗೊಡವೆಯನ್ನು ಕಾರ್ಯದರ್ಶಿಗೆ ಬಿಟ್ಟು ಸುಮ್ಮನಾಗುವುದನ್ನು ಎಷ್ಟೋ ಕಡೆ ಕಾಣುತ್ತೇವೆ. ಇದು ವಿಷಾದದ ಸಂಗತಿ.

ಸಂಘಗಳಲ್ಲಿ ಅಂಕಿಗಳಿಗೆ ಬರವಿಲ್ಲ. ಜಮಾ, ಖರ್ಚು, ದಾಸ್ತಾನು, ಬಾಕಿ ಎಲ್ಲವೂ ದಿನದಿನವೂ ದಾಖಲಾಗುತ್ತವೆ. ಹಿಂದೆ ಪುಸ್ತಕದಲ್ಲಿದ್ದುದು ಇಂದು ಕಂಪ್ಯೂಟರಿನಲ್ಲಿದೆ, ಅಷ್ಟೆ. ಆದರೆ ಅದೆಲ್ಲ ಲೆಕ್ಕಪರಿಶೋಧಕರಿಗಾಗಿ ಮಾತ್ರವೆಂಬ ಭಾವನೆ ಹೋಗಿಲ್ಲ. ಮಾರ್ಚ್ 31ಕ್ಕೆ ಮುಗಿದ ವರ್ಷದ ಲೆಕ್ಕ ಪರಿಶೋಧನೆಯಾಗಿ ಮಹಾಸಭೆಗೆ ಬರುವಾಗ ಮಳೆಗಾಲವೇ ಕಳೆದಿರುತ್ತದೆ. ಆಗ ನಷ್ಟವನ್ನು ಓದಿ ಹೇಳಬಹುದೇ ಹೊರತು ತಡೆಯಲಾಗದು.

ಒಂದು ಉದಾಹರಣೆ ನೋಡೋಣ. ಮುಂಗಾರಿಗೆ ಮೊದಲು ತೋಟಕ್ಕೆ ಬೋರ್ಡೋ ದ್ರಾವಣ ಸಿಂಪಡಿಸಬೇಕು. ಸುಮಾರು 45 ದಿನಗಳ ಬಳಿಕ ಇನ್ನೊಮ್ಮೆ. 100 ಲೀಟರ್ ದ್ರಾವಣಕ್ಕೆ 1 ಕಿಲೋ ಮೈಲುತುತ್ತು ಬೇಕು. ಸದಸ್ಯರ ತೋಟಗಳ ವಿಸ್ತೀರ್ಣ ಸಂಘಕ್ಕೆ ಗೊತ್ತು. ಕಳೆದ ವರ್ಷ ಯಾವ ವಾರ ಎಷ್ಟು ಮಾರಾಟವಾಯಿತೆಂಬುದೂ ದಾಖಲೆಯಲ್ಲಿದೆ. ಇದನ್ನು ಏಪ್ರಿಲ್‌ನಲ್ಲಿ ನೋಡಿದ ಸಂಘ ಮೇ ತಿಂಗಳಿಗೆ ಮಾಲು ತರಿಸುತ್ತದೆ. ನೋಡದ ಸಂಘ ಮಳೆ ಹಿಡಿದ ಮೇಲೆ ತರಿಸುತ್ತದೆ. ಅಷ್ಟರಲ್ಲಿ ಸದಸ್ಯರು ಖಾಸಗಿ ಅಂಗಡಿಯಲ್ಲಿ ಕೊಂಡಾಗಿರುತ್ತದೆ. ಸಂಘದ ಹಣ ಗೋದಾಮಿನಲ್ಲಿ ಕುಳಿತಿರುತ್ತದೆ.

ಸಾಲದ ವಿಚಾರವೂ ಹಾಗೆಯೇ. ಸುಸ್ತಿ ಬಾಕಿ ಒಟ್ಟು 10 ಲಕ್ಷ ರೂಪಾಯಿ ಎಂದರೆ ಏನೂ ತಿಳಿಯುವುದಿಲ್ಲ. ಅದರಲ್ಲಿ ಮೂರು ತಿಂಗಳಿನದೆಷ್ಟು, ಒಂದು ವರ್ಷದ್ದೆಷ್ಟು, ಮೂರು ವರ್ಷ ದಾಟಿದ್ದೆಷ್ಟು ಎಂದು ವಿಂಗಡಿಸಿದರೆ ದಾರಿ ಕಾಣುತ್ತದೆ. ಮೂರು ತಿಂಗಳ ಬಾಕಿಗೆ ಮನೆಗೆ ಹೋಗಿ ಆಡುವ ಒಂದು ಮಾತು ಸಾಕಾಗಬಹುದು. ಮೂರು ವರ್ಷದ ಬಾಕಿಗೆ ನ್ಯಾಯಾಲಯದ ಮೆಟ್ಟಿಲು ಬೇಕಾದೀತು.

ಆದುದರಿಂದ ಪ್ರತಿ ತಿಂಗಳ ಆಡಳಿತ ಮಂಡಳಿಯ ಸಭೆಗೆ ಒಂದೇ ಒಂದು ಹಾಳೆ ಬರಲಿ ಎಂಬುದು ನಮ್ಮ ಸೂಚನೆ. ಬಂದ ಠೇವಣಿ, ಹಿಂತೆಗೆದ ಠೇವಣಿ; ಕೊಟ್ಟ ಸಾಲ, ವಸೂಲಾದ ಸಾಲ; ಅವಧಿವಾರು ಬಾಕಿ; ಮೂರು ತಿಂಗಳಿನಿಂದ ಕದಲದ ಮಾಲು; ಆಡಳಿತ ವೆಚ್ಚ. ಪ್ರತಿಯೊಂದರ ಪಕ್ಕದಲ್ಲಿ ಕಳೆದ ವರ್ಷದ ಅದೇ ತಿಂಗಳ ಅಂಕಿ ಇರಲಿ. ಎಲ್ಲಿ ಕುಂದಿದೆಯೋ ಅಲ್ಲಿ ಏನು ಮಾಡಬೇಕು, ಯಾರು ಮಾಡಬೇಕು, ಯಾವ ದಿನದೊಳಗೆ ಎಂದು ನಿರ್ಣಯ ಪುಸ್ತಕದಲ್ಲಿ ಬರೆಯಲಿ. ಹಾಳೆ ಐವತ್ತು ಪುಟವಾದರೆ ಯಾರೂ ಓದಲಾರರು.

ಇನ್ನು ಭಾಷೆಯ ಪ್ರಶ್ನೆ. ಮಂಜೇಶ್ವರ, ಕಾಸರಗೋಡು ತಾಲೂಕುಗಳಲ್ಲಿ ಕನ್ನಡವನ್ನು ಮಾತ್ರ ಓದಬಲ್ಲ ಸದಸ್ಯರು ಸಾಕಷ್ಟಿದ್ದಾರೆ. ಅವರ ಕೈಗೆ ಮಲಯಾಳದಲ್ಲೋ ಇಂಗ್ಲಿಷಿನಲ್ಲೋ ವರದಿ ಕೊಟ್ಟು ಅಂಗೀಕಾರಕ್ಕೆ ಕೈಯೆತ್ತಿಸಿದರೆ ಅದು ಒಪ್ಪಿಗೆಯೆನಿಸುವುದೇ? ಕನ್ನಡ ಅಲ್ಪಸಂಖ್ಯಾತರು ಸರಕಾರದೊಡನೆ ತಮ್ಮ ಭಾಷೆಯಲ್ಲಿ ಪತ್ರವ್ಯವಹಾರ ನಡೆಸುವ ಹಕ್ಕನ್ನು ಕೇರಳದ 1969ರ ಅಧಿಕೃತ ಭಾಷಾ ಕಾಯಿದೆಯೇ ಮಾನ್ಯ ಮಾಡಿದೆ. ಸದಸ್ಯರದ್ದೇ ಆದ ಸಂಘ ಕನ್ನಡದಲ್ಲೂ ಒಂದು ಹಾಳೆ ಅಚ್ಚು ಹಾಕಿಸಲು ಯಾವ ಆದೇಶಕ್ಕೂ ಕಾಯಬೇಕಾಗಿಲ್ಲ.

2021ರಲ್ಲಿ ತೃಶೂರು ಜಿಲ್ಲೆಯ ಕರುವನ್ನೂರು ಸಹಕಾರಿ ಬ್ಯಾಂಕಿನ ಪ್ರಕರಣ ಬಯಲಾದಾಗ, ತಮ್ಮದೇ ಠೇವಣಿಗಾಗಿ ಜನರು ಅಲೆದಾಡಿದ್ದನ್ನು ರಾಜ್ಯವೇ ಕಂಡಿತು. ವಂಚನೆಯಿಲ್ಲದೆಯೂ ಸಂಘಗಳು ಸೊರಗಬಹುದು. ಓದದ ಲೆಕ್ಕವೇ ಅದಕ್ಕೆ ಸಾಕು. ಈ ಬಾರಿಯ ಮಹಾಸಭೆಯಲ್ಲಿ ಚಹಾ ತಿಂಡಿಗೆ ಮೊದಲು ಒಬ್ಬ ಸದಸ್ಯರಾದರೂ ಎದ್ದು ನಿಂತು, ತಿಂಗಳ ಲೆಕ್ಕವನ್ನು ಕನ್ನಡದಲ್ಲಿ ಕೊಡಿ ಎಂದು ಕೇಳಲಿ. ಕೊಡುವುದು ಆಡಳಿತ ಮಂಡಳಿಯ ಕರ್ತವ್ಯ.