ಹುಲಿ ಕಾಣಲಿಲ್ಲವೆಂಬ ದೂರು ಎಷ್ಟು ಸರಿ?

ಸಂಘಗಳ ವಿಹಾರಕೂಟದಲ್ಲಿ ಮೃಗಾಲಯಕ್ಕೆ ಹೋಗಿ ಬಂದವರ ಸಾಮಾನ್ಯ ದೂರು, ‘ಹುಲಿ ಕಾಣಲೇ ಇಲ್ಲ’. ಮುಂಬಯಿಯ ರಾಣಿಬಾಗ್ ಸಸ್ಯೋದ್ಯಾನವೂ ಸೇರಿ ಸುಮಾರು 53 ಎಕರೆ. ಚೆನ್ನೈ ಸಮೀಪದ ವಂಡಲೂರು ಮೃಗಾಲಯ 602 ಹೆಕ್ಟೇರ್, ಅಂದರೆ ಸುಮಾರು 1,490 ಎಕರೆ. ರಾಣಿಬಾಗ್‌ನಲ್ಲಿ ಗಾಜಿನಾಚೆ ಹುಲಿಯನ್ನು ಹತ್ತಿರದಿಂದ ನೋಡಬಹುದು. ವಂಡಲೂರಿನಲ್ಲಿ ಕಂದಕದಾಚೆ ಅದು ಮರಗಳ ಮರೆಗೆ ಸರಿದರೆ ಕಾಯಲೇಬೇಕು. ಹತ್ತಿರದ ನೋಟ ಜನರಿಗೆ ಅನುಕೂಲ. ಮರೆ, ನೆರಳು ಪ್ರಾಣಿಗೆ ಅಗತ್ಯ.

ಆನೆಗೆ ಮೃಗಾಲಯದ ಜಾಗ ಸಾಲದೆಂದು ಕೇಂದ್ರೀಯ ಮೃಗಾಲಯ ಪ್ರಾಧಿಕಾರ 2009ರಲ್ಲೇ ಅವುಗಳನ್ನು ಶಿಬಿರ, ಅಭಯಾರಣ್ಯಗಳಿಗೆ ಕಳುಹಿಸಲು ಸೂಚಿಸಿತ್ತು. ಹುಲಿಯನ್ನೂ ಅದೇ ದೃಷ್ಟಿಯಿಂದ ನೋಡಬೇಡವೇ? ಮಕ್ಕಳನ್ನು ಕರೆದೊಯ್ಯುವ ಸಂಘಗಳು ಎಷ್ಟು ಪ್ರಾಣಿ ಕಂಡವೆಂದು ಲೆಕ್ಕ ಹಾಕುವ ಬದಲು, ಅವುಗಳಿಗೆ ಅಡಗಲು ಜಾಗವಿತ್ತೇ ಎಂದು ವಿಚಾರಿಸುವುದು ಲೇಸು.