ನಕ್ಕು ಸುಮ್ಮನಾದರೆ ಸಾಕೇ?

ಭ್ರಷ್ಟಾಚಾರವನ್ನು ಗೇಲಿ ಮಾಡುವ ಚಲನಚಿತ್ರಗಳು ಯುವಜನರಲ್ಲಿ ಆಡಳಿತದ ಬಗ್ಗೆ ತಾತ್ಸಾರವನ್ನು ಬೆಳೆಸುತ್ತವೆ ಎಂಬ ಆಕ್ಷೇಪವನ್ನು ಆಗಾಗ ಕೇಳುತ್ತೇವೆ. ಇದನ್ನು ನಾನು ಒಪ್ಪಲಾರೆ. ತಾತ್ಸಾರವನ್ನು ಹುಟ್ಟಿಸುವುದು ಲಂಚವೇ ಹೊರತು ಅದನ್ನು ತೋರಿಸುವ ಕನ್ನಡಿಯಲ್ಲ. ದೋಷವೇನಾದರೂ ಇದ್ದರೆ ಅದು ನಾವು ನಗುವ ರೀತಿಯಲ್ಲಿದೆ.

ಕುಂದನ್ ಷಾ ನಿರ್ದೇಶನದಲ್ಲಿ 1983ರಲ್ಲಿ ತೆರೆಕಂಡ ‘ಜಾನೇ ಭಿ ದೋ ಯಾರೋ’ ಎಂಬ ಹಿಂದಿ ಚಿತ್ರವನ್ನು ನೋಡಿ. ಮುಂಬಯಿಯ ಇಬ್ಬರು ಬಡ ಛಾಯಾಗ್ರಾಹಕರು ತಾವು ತೆಗೆದ ಚಿತ್ರವೊಂದನ್ನು ಹಿಗ್ಗಿಸಿ ನೋಡಿದಾಗ ಅದರಲ್ಲಿ ಕೊಲೆಯೊಂದು ಕಾಣಿಸುತ್ತದೆ. ಸತ್ತವನು ನಗರಪಾಲಿಕೆಯ ಲಂಚಕೋರ ಆಯುಕ್ತ, ಹೆಸರು ಡಿಮೆಲ್ಲೊ. ನಮ್ಮವರ ಹೆಸರನ್ನೇ ಇಟ್ಟರಲ್ಲ ಎಂದು ಮುನಿಯುವವರು ಗಮನಿಸಲಿ: ಅಲ್ಲಿ ಗುತ್ತಿಗೆಗಾಗಿ ಕಾದಾಡುವ ತರ್ನೇಜಾ, ಅಹುಜಾ ಕೂಡ ಶುದ್ಧರಲ್ಲ. ಲಂಚಕ್ಕೆ ಜಾತಿಮತಗಳ ಭೇದವಿಲ್ಲ.

ಸತ್ತ ಆಯುಕ್ತನ ಹೆಸರಿಟ್ಟ ಮೇಲ್ಸೇತುವೆ ಕುಸಿದು ಬೀಳುತ್ತದೆ. ಅವನ ಶವವು ಮಹಾಭಾರತ ನಾಟಕದಲ್ಲಿ ದ್ರೌಪದಿಯಾಗಿ ಸೀರೆಯುಟ್ಟು ನಿಂತಾಗ ನಾವು ಹೊಟ್ಟೆ ಹುಣ್ಣಾಗುವಂತೆ ನಗುತ್ತೇವೆ. ಆದರೆ ಕೊನೆಗೆ ಗುತ್ತಿಗೆದಾರರು, ಅಧಿಕಾರಿ, ಪತ್ರಿಕಾ ಸಂಪಾದಕಿ ಎಲ್ಲರೂ ಒಂದಾಗಿ, ಸೇತುವೆ ಕುಸಿತದ ಅಪರಾಧವನ್ನು ಆ ಇಬ್ಬರು ಪ್ರಾಮಾಣಿಕರ ತಲೆಗೆ ಕಟ್ಟುತ್ತಾರೆ. ಅವರು ಕೈದಿಗಳ ಉಡುಪಿನಲ್ಲಿ ಬೀದಿಯಲ್ಲಿ ನಡೆದುಬಂದು, ನಮ್ಮತ್ತ ನೋಡಿ ಕತ್ತು ಕೊಯ್ದಂತೆ ಸನ್ನೆ ಮಾಡುತ್ತಾರೆ. ನಗು ಗಂಟಲಲ್ಲೇ ಉಳಿಯುತ್ತದೆ.

ಆ ಸನ್ನೆ ಯಾರಿಗೆ? ನೋಡುತ್ತ ಕುಳಿತವರಿಗೆ. ‘ರಾಜಕಾರಣಿಗಳೆಲ್ಲ ಹೀಗೇ’ ಎಂದು ನಕ್ಕು ಮನೆಗೆ ಬರುವ ನಾವು, ಮರುದಿನ ಖಾತೆ ಬದಲಾವಣೆಗೆ ‘ಚಹಾ ಖರ್ಚು’ ಕೊಟ್ಟು, ಕೆಲಸವಾಯಿತೆಂದು ನೆಮ್ಮದಿಯಿಂದ ಹಿಂದಿರುಗುತ್ತೇವೆ. ಮಕ್ಕಳ ಎದುರಿನಲ್ಲಿ ಅದನ್ನು ಜಾಣತನವೆಂದೂ ಹೇಳಿಕೊಳ್ಳುತ್ತೇವೆ. ಪರರ ಪಾಪವನ್ನು ಕಂಡು ನಗುವುದು ಸುಲಭ. ಆ ನಗು ನಮ್ಮ ಪಶ್ಚಾತ್ತಾಪವಾಗಲಾರದು.

ಬೇರೆ ದಾರಿಯಿಲ್ಲ ಎಂಬ ಮಾತನ್ನು ಇಂದು ಆಡುವಂತಿಲ್ಲ. ಆ ಛಾಯಾಗ್ರಾಹಕರ ಕಾಲದಲ್ಲಿ ಇಲ್ಲದ ಮಾಹಿತಿ ಹಕ್ಕು ಕಾಯಿದೆ 2005ರಲ್ಲಿ ಬಂದಿದೆ. ಕಾಮಗಾರಿಯ ಲೆಕ್ಕವನ್ನು ಯಾವ ನಾಗರಿಕನೂ ಕೇಳಬಹುದು. ಭ್ರಷ್ಟಾಚಾರ ತಡೆ ಕಾಯಿದೆಗೆ 2018ರಲ್ಲಿ ತಂದ ತಿದ್ದುಪಡಿಯಂತೆ ಲಂಚ ಕೊಡುವುದೂ ನೇರ ಅಪರಾಧ. ಬಲವಂತಕ್ಕೆ ಮಣಿದು ಕೊಟ್ಟವರು ಏಳು ದಿನಗಳೊಳಗೆ ದೂರು ನೀಡಿದರೆ ಅವರಿಗೆ ರಕ್ಷಣೆಯಿದೆ.

ಆದ್ದರಿಂದ ಇಂಥ ಚಿತ್ರಗಳನ್ನು ಮಕ್ಕಳೊಡನೆ ಕುಳಿತು ನೋಡಿ, ಮನಸಾರೆ ನಗಿರಿ. ಬಳಿಕ ಮಗನೋ ಮಗಳೋ, “ಅಪ್ಪಾ, ನೀವು ಯಾರಿಗಾದರೂ ಕೊಟ್ಟಿದ್ದೀರಾ?” ಎಂದು ಕೇಳಿದರೆ ತಲೆತಗ್ಗಿಸದೆ ಉತ್ತರಿಸುವಂತೆ ಬಾಳೋಣ.